ಏಜೆನ್ಸಿ ಮಾರ್ಜಿನ್ ಎಷ್ಟು, ನಿಮ್ಮ ಕೈಗೆ ಎಷ್ಟು? ಮಂದಗತಿಯ ಕಾಲದಲ್ಲಿ ಗುತ್ತಿಗೆ ನೌಕರರು ತಿಳಿದಿರಬೇಕಾದ ಲೆಕ್ಕ

ಚೆನ್ನೈ: 'ಕ್ಲೈಂಟ್ ರೇಟ್ ಇಳಿಸಿದ್ದಾರೆ, ಮುಂದಿನ ತಿಂಗಳಿಂದ ನಿಮ್ಮ ಸಂಬಳದಲ್ಲೂ ಶೇ.10 ಕಡಿಮೆಯಾಗುತ್ತೆ'. ಉದ್ಯೋಗ ಮಾರುಕಟ್ಟೆ ಮಂದವಾದಾಗ ಏಜೆನ್ಸಿ ಮೂಲಕ ಕೆಲಸ ಮಾಡುವವರಿಗೆ ಬರುವ ಕರೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಒಪ್ಪಬೇಕೇ, ಬೇಡವೇ? ಒಪ್ಪಿದರೆ ಎಷ್ಟಕ್ಕೆ? ಕಂಪನಿ ಕೊಡುವ ಹಣದಲ್ಲಿ ಏಜೆನ್ಸಿಯ ಪಾಲು ಎಷ್ಟು ಎಂಬುದು ಗೊತ್ತಿಲ್ಲದೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಚೆನ್ನೈನ ಕೀಲ್ಪಾಕ್‌ನಂಥ ಬಡಾವಣೆಯನ್ನೇ ನೋಡಿ. ಪೂನಮಲ್ಲಿ ಹೈರೋಡ್ ಬದಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ, ಆಚೆ ಮಾನಸಿಕ ಆರೋಗ್ಯ ಸಂಸ್ಥೆ, ನಗರಕ್ಕೆ ನೀರು ಕೊಡುವ ಹಳೆಯ ವಾಟರ್ ವರ್ಕ್ಸ್, ನಡುವೆ ಖಾಸಗಿ ಕ್ಲಿನಿಕ್, ಲ್ಯಾಬ್, ಕಚೇರಿ, ಅಪಾರ್ಟ್‌ಮೆಂಟ್‌ಗಳು. ಇಂಥ ಕಡೆ ಗೇಟಿನ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡೇಟಾ ಎಂಟ್ರಿಯಿಂದ ಹಿಡಿದು ಸಾಫ್ಟ್‌ವೇರ್ ಕೆಲಸದವರೆಗೆ 'ಏಜೆನ್ಸಿ ಪೇರೋಲ್' ಎಂಬುದು ಸಾಮಾನ್ಯ ಮಾತು. ಚೆನ್ನೈ, ಬೆಂಗಳೂರು ಎರಡೂ ನಗರಗಳಲ್ಲಿ ಸಾವಿರಾರು ಕನ್ನಡಿಗರು ಇದೇ ವ್ಯವಸ್ಥೆಯಲ್ಲಿ ದುಡಿಯುತ್ತಿದ್ದಾರೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಮಾರ್ಜಿನ್ ಎಲ್ಲಿ ಅಡಗಿರುತ್ತದೆ, ದರ ಕಡಿತದ ಮಾತು ಬಂದಾಗ ಏನು ಕೇಳಬೇಕು ಎಂಬುದರ ಪೂರ್ಣ ಮಾಹಿತಿ ಇಲ್ಲಿದೆ.

ಏಜೆನ್ಸಿ ಉದ್ಯಮಕ್ಕೆ ಚೆನ್ನೈ, ಬೆಂಗಳೂರೇ ತವರು

ಭಾರತದಲ್ಲಿ ಸಂಘಟಿತ ಸ್ಟಾಫಿಂಗ್ ಉದ್ಯಮ ಬೆಳೆದಿದ್ದರಲ್ಲಿ ದಕ್ಷಿಣದ ಈ ಎರಡು ನಗರಗಳ ಪಾಲು ದೊಡ್ಡದು. ಮುಂದೆ ತಮಿಳುನಾಡಿನ ಸಚಿವರೂ ಆದ ಕೆ. ಪಾಂಡ್ಯರಾಜನ್ 1992ರಲ್ಲಿ ಚೆನ್ನೈನಲ್ಲಿ 'ಮಾ ಫಾ' ಸಂಸ್ಥೆ ಆರಂಭಿಸಿದರು. 2004ರಲ್ಲಿ ಅದರ ಬಹುಪಾಲು ಷೇರು ನೆದರ್‌ಲೆಂಡ್ಸ್‌ನ ವೆಡಿಯರ್ ಕಂಪನಿಯ ಕೈಸೇರಿತು. 2008ರಲ್ಲಿ ವೆಡಿಯರ್ ಅನ್ನು ರಾಂಡ್‌ಸ್ಟಾಡ್ ಖರೀದಿಸಿದ ಮೇಲೆ ಚೆನ್ನೈನ ಈ ಕಂಪನಿ ಜಾಗತಿಕ ಜಾಲದ ಭಾಗವಾಯಿತು. ಬೆಂಗಳೂರಿನ ಟೀಮ್‌ಲೀಸ್ ಮತ್ತು ಕ್ವೆಸ್ ಕಾರ್ಪ್ ಎರಡೂ 2016ರಲ್ಲಿ ಷೇರುಪೇಟೆಗೆ ಬಂದವು.

ಷೇರುಪೇಟೆಗೆ ಬಂದಿದ್ದರಿಂದ ಒಂದು ಅನುಕೂಲವಾಯಿತು. ಅದುವರೆಗೆ ಗುಟ್ಟಾಗಿದ್ದ ಮಾರ್ಜಿನ್ ಲೆಕ್ಕ ತ್ರೈಮಾಸಿಕ ವರದಿಗಳಲ್ಲಿ ಎಲ್ಲರಿಗೂ ಸಿಗುವಂತಾಯಿತು. ಟೀಮ್‌ಲೀಸ್‌ನ ಸಾಮಾನ್ಯ ಸ್ಟಾಫಿಂಗ್ ವಿಭಾಗದಲ್ಲಿ ಒಬ್ಬ ನೌಕರನ ಮೇಲೆ ತಿಂಗಳಿಗೆ ಸಿಗುವ ಶುಲ್ಕ ಸರಾಸರಿ 700 ರೂಪಾಯಿ ಆಸುಪಾಸಿನಲ್ಲಿದೆ. ಖರ್ಚು ಕಳೆದ ಮೇಲೆ ಈ ವಿಭಾಗದಲ್ಲಿ ಉಳಿಯುವುದು ಆದಾಯದ ಶೇ.1ರಿಂದ 2ರಷ್ಟು ಮಾತ್ರ. 'ಏಜೆನ್ಸಿಯವರು ಅರ್ಧ ಸಂಬಳ ನುಂಗುತ್ತಾರೆ' ಎಂಬ ಮಾತು ದೊಡ್ಡ, ಸಂಘಟಿತ ಕಂಪನಿಗಳ ಮಟ್ಟಿಗೆ ಸರಿಯಲ್ಲ. ಆದರೆ ಎಲ್ಲ ಕಡೆ ಪರಿಸ್ಥಿತಿ ಹೀಗೇ ಇಲ್ಲ. ಅದನ್ನು ಮುಂದೆ ನೋಡೋಣ.

ಏಜೆನ್ಸಿಗೆ ಹಣ ಬರುವ ಮೂರು ದಾರಿ

• ಕಾಯಂ ನೇಮಕಾತಿ ಶುಲ್ಕ: ಅಭ್ಯರ್ಥಿಯನ್ನು ಹುಡುಕಿಕೊಟ್ಟಿದ್ದಕ್ಕೆ ಕಂಪನಿ ಒಂದೇ ಸಲ ಕೊಡುವ ಹಣ. ನಮ್ಮಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ದರ ವಾರ್ಷಿಕ ಸಂಬಳದ ಶೇ.8.33, ಅಂದರೆ ಒಂದು ತಿಂಗಳ ಸಂಬಳ. ಹಿರಿಯ ಹುದ್ದೆಗಳಿಗೆ ಇದು ಹೆಚ್ಚು. ಇಲ್ಲಿ ನಿಮ್ಮ ಸಂಬಳ ಹೆಚ್ಚಿದಷ್ಟೂ ಏಜೆನ್ಸಿಗೆ ಲಾಭ.

• ನಿಗದಿತ ಶುಲ್ಕ: ಸಂಬಳ ಎಷ್ಟೇ ಇರಲಿ, ತಲೆಗೆ ತಿಂಗಳಿಗೆ ಇಂತಿಷ್ಟು ರೂಪಾಯಿ. ದೊಡ್ಡ ಸಂಖ್ಯೆಯ ಸೇಲ್ಸ್, ರಿಟೇಲ್, ಡೆಲಿವರಿ, ಬ್ಯಾಂಕಿಂಗ್ ಕೆಲಸಗಳಲ್ಲಿ ಇದೇ ಹೆಚ್ಚು. ಇಲ್ಲಿ ನಿಮ್ಮ ಸಂಬಳ ಇಳಿದರೂ ಏರಿದರೂ ಏಜೆನ್ಸಿಗೆ ಸಿಗುವುದು ಅಷ್ಟೇ.

• ಶೇಕಡಾವಾರು ಮಾರ್ಜಿನ್: ಕಂಪನಿ ಕೊಡುವ 'ಬಿಲ್ ದರ' ಮತ್ತು ನಿಮಗೆ ಸಿಗುವ 'ಪೇ ದರ'ದ ನಡುವಿನ ವ್ಯತ್ಯಾಸ. ಐಟಿ ಗುತ್ತಿಗೆ ಕೆಲಸಗಳಲ್ಲಿ ಇದೇ ಪದ್ಧತಿ. ಇಲ್ಲಿ ನಿಮಗೆ ಕಡಿಮೆ ಕೊಟ್ಟಷ್ಟೂ ಏಜೆನ್ಸಿಗೆ ಹೆಚ್ಚು ಉಳಿಯುತ್ತದೆ.

ನೀವು ಯಾವ ದಾರಿಯಲ್ಲಿದ್ದೀರಿ ಎಂಬುದನ್ನು ಮೊದಲು ತಿಳಿದುಕೊಳ್ಳಿ. ದರದ ಮಾತುಕತೆಗೆ ಜಾಗ ಇದೆಯೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.

ಲೆಕ್ಕ 1: ತಿಂಗಳಿಗೆ 15,000 ರೂ. ವೇತನದ ಕೆಲಸ

ಆಸ್ಪತ್ರೆಯೊಂದರ ಹೌಸ್‌ಕೀಪಿಂಗ್ ನೌಕರರೊಬ್ಬರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ. ಎಂದಿಟ್ಟುಕೊಳ್ಳೋಣ. ಏಜೆನ್ಸಿ ಆಸ್ಪತ್ರೆಗೆ ಕಳಿಸುವ ಬಿಲ್ ಹೀಗಿರುತ್ತದೆ:

• ವೇತನ: 15,000 ರೂ.
• ಮಾಲೀಕರ ಪಾಲಿನ ಪಿಎಫ್, ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಶೇ.13: 1,950 ರೂ.
• ಮಾಲೀಕರ ಪಾಲಿನ ಇಎಸ್‌ಐ ಶೇ.3.25: 487.50 ರೂ.
• ಬೋನಸ್ ಶೇ.8.33ರಂತೆ: ಸುಮಾರು 1,250 ರೂ.
• ಉಪಮೊತ್ತ: ಸುಮಾರು 18,688 ರೂ.
• ಏಜೆನ್ಸಿ ಸೇವಾ ಶುಲ್ಕ ಶೇ.5 ಎಂದರೆ: ಸುಮಾರು 934 ರೂ.
• ಜಿಎಸ್‌ಟಿ ಶೇ.18: ಸುಮಾರು 3,532 ರೂ.
• ಆಸ್ಪತ್ರೆ ಕಟ್ಟುವ ಒಟ್ಟು ಮೊತ್ತ: ಸುಮಾರು 23,154 ರೂ.

ಇನ್ನು ನೌಕರರ ಕಡೆಯಿಂದ ನೋಡಿ. 15,000ದಲ್ಲಿ ಅವರ ಪಾಲಿನ ಪಿಎಫ್ ಶೇ.12, ಅಂದರೆ 1,800 ರೂ. ಮತ್ತು ಇಎಸ್‌ಐ ಶೇ.0.75, ಅಂದರೆ 112.50 ರೂ. ಕಡಿತವಾಗಿ ಕೈಗೆ ಸಿಗುವುದು ಸುಮಾರು 13,088 ರೂ. ವೃತ್ತಿ ತೆರಿಗೆ ಇದ್ದರೆ ಅದೂ ಬೇರೆ.

ಆಸ್ಪತ್ರೆ ಕಟ್ಟಿದ್ದು 23 ಸಾವಿರ, ನೌಕರರ ಕೈಗೆ ಬಂದಿದ್ದು 13 ಸಾವಿರ. ಮಧ್ಯದ 10 ಸಾವಿರವನ್ನೂ ಏಜೆನ್ಸಿಯೇ ಇಟ್ಟುಕೊಂಡಿತೇ? ಇಲ್ಲ. ಅದರಲ್ಲಿ 3,750 ರೂ. ಪಿಎಫ್ ಲೆಕ್ಕಕ್ಕೆ, 600 ರೂ. ಇಎಸ್‌ಐಗೆ, 1,250 ರೂ. ಬೋನಸ್‌ಗೆ, 3,532 ರೂ. ಸರ್ಕಾರಕ್ಕೆ ಜಿಎಸ್‌ಟಿಯಾಗಿ ಹೋಗಿದೆ. ಏಜೆನ್ಸಿಗೆ ಉಳಿದಿದ್ದು 934 ರೂ.

ಆ 934 ರೂಪಾಯಿಯಲ್ಲೇ ಕಚೇರಿ ಬಾಡಿಗೆ, ಮೇಲ್ವಿಚಾರಕರ ಸಂಬಳ, ಪಿಎಫ್-ಇಎಸ್‌ಐ ಕಾಗದಪತ್ರದ ಖರ್ಚು ಬರಬೇಕು. ಜೊತೆಗೆ ಬಡ್ಡಿ. ಸಂಬಳವನ್ನು 7ನೇ ತಾರೀಖಿನೊಳಗೆ ಕೊಡಬೇಕು, ಆದರೆ ಕ್ಲೈಂಟ್ ಬಿಲ್ ಪಾವತಿಸುವುದು ಎಷ್ಟೋ ಸಲ 45ರಿಂದ 60 ದಿನಗಳ ನಂತರ. ವರ್ಷಕ್ಕೆ ಶೇ.12 ಬಡ್ಡಿ ಎಂದು ಹಿಡಿದರೆ ಎರಡು ತಿಂಗಳಿಗೆ ಸುಮಾರು 374 ರೂ. ಅಲ್ಲೇ ಹೋಯಿತು.

ಮಂದಗತಿಯಲ್ಲಿ ಇಲ್ಲಿ ನಿಜವಾಗಿ ಆಗುವುದೇನು?

ಈಗ ಆಸ್ಪತ್ರೆ 'ಬಿಲ್‌ನಲ್ಲಿ ಶೇ.10 ಇಳಿಸಿ' ಎಂದು ಕೇಳಿತು ಎನ್ನಿ. ಜಿಎಸ್‌ಟಿ ಬಿಟ್ಟರೆ ಬಿಲ್ 19,622 ರೂ. ಶೇ.10 ಎಂದರೆ 1,962 ರೂ. ಅಂದರೆ ಏಜೆನ್ಸಿಯ ಪೂರ್ತಿ ಶುಲ್ಕದ ಎರಡು ಪಟ್ಟು. ಶುಲ್ಕವನ್ನು ಸೊನ್ನೆ ಮಾಡಿದರೂ ಇನ್ನೂ ಸಾವಿರ ರೂಪಾಯಿ ಬೇರೆಲ್ಲಿಂದಲೋ ಬರಬೇಕು.

ವೇತನ ಈಗಾಗಲೇ ಕನಿಷ್ಠ ವೇತನದ ಮಟ್ಟದಲ್ಲಿದ್ದರೆ ಅದನ್ನು ಕಾನೂನುಬದ್ಧವಾಗಿ ಇಳಿಸುವಂತಿಲ್ಲ. ಆಗ ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕಡೆ. ಪಿಎಫ್ ಕಟ್ಟುವುದು ತಡವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಬೋನಸ್ ಮಾಯವಾಗುತ್ತದೆ. ಹತ್ತು ಜನರ ಕೆಲಸವನ್ನು ಎಂಟು ಜನರಿಂದ ಮಾಡಿಸಿ ಹತ್ತು ಜನರ ಬಿಲ್ ಹಾಕಲಾಗುತ್ತದೆ. ಹೆಚ್ಚುವರಿ ಗಂಟೆಗೆ ಓವರ್‌ಟೈಮ್ ಸಿಗುವುದಿಲ್ಲ. ಹೀಗಾಗಿ ಕಡಿಮೆ ವೇತನದ ಕೆಲಸಗಳಲ್ಲಿ 'ನಿಮ್ಮ ಕಮಿಷನ್ ಇಳಿಸಿ' ಎಂಬ ವಾದದಿಂದ ಹೆಚ್ಚು ಪ್ರಯೋಜನವಿಲ್ಲ. ಕಾವಲು ಕಾಯಬೇಕಾದ್ದು ಪಿಎಫ್, ಇಎಸ್‌ಐ, ಬೋನಸ್ ಮತ್ತು ಕೆಲಸದ ಗಂಟೆಗಳನ್ನು.

ಸರ್ಕಾರಿ ಟೆಂಡರ್‌ಗಳಲ್ಲಿ ಈ ಸಮಸ್ಯೆ ಎಷ್ಟು ದೂರ ಹೋಗಿತ್ತೆಂದರೆ, ಕೆಲವು ಏಜೆನ್ಸಿಗಳು 'ನಮ್ಮ ಸೇವಾ ಶುಲ್ಕ ಸೊನ್ನೆ' ಎಂದೇ ಬಿಡ್ ಹಾಕುತ್ತಿದ್ದವು. ಶುಲ್ಕವೇ ಇಲ್ಲದೆ ಏಜೆನ್ಸಿ ನಡೆಸುವುದು ಹೇಗೆ? ನೌಕರರಿಗೆ ಸೇರಬೇಕಾದ ಹಣದಿಂದಲೇ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಶೂನ್ಯ ಶುಲ್ಕ ನಮೂದಿಸಿದ ಬಿಡ್‌ಗಳನ್ನು ಪರಿಗಣಿಸಬಾರದು ಎಂದು ಕೇಂದ್ರ ಹಣಕಾಸು ಸಚಿವಾಲಯ 2014ರ ಜನವರಿಯಲ್ಲಿ ಸೂಚಿಸಿತು. ಆಗ 0.01 ಪರ್ಸೆಂಟ್‌ನಂಥ ಬಿಡ್‌ಗಳು ಬಂದವು. ಕೊನೆಗೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಮಾನವಸಂಪನ್ಮೂಲ ಹೊರಗುತ್ತಿಗೆಗೆ ಶೇ.3.85ರ ಕನಿಷ್ಠ ಸೇವಾ ಶುಲ್ಕವನ್ನೇ ನಿಗದಿ ಮಾಡಬೇಕಾಯಿತು.

ಲೆಕ್ಕ 2: ಐಟಿ ಗುತ್ತಿಗೆ ಕೆಲಸ

ಇಲ್ಲಿ ಚಿತ್ರ ಬೇರೆ. ಸಾಫ್ಟ್‌ವೇರ್ ಟೆಸ್ಟರ್ ಒಬ್ಬರಿಗೆ ಕ್ಲೈಂಟ್ ತಿಂಗಳಿಗೆ 1,50,000 ರೂ. ಬಿಲ್ ದರ ಕೊಡುತ್ತಿದೆ, ಏಜೆನ್ಸಿ ನೌಕರರ ಮೇಲೆ ಒಟ್ಟು 1,20,000 ರೂ. ಖರ್ಚು ಮಾಡುತ್ತಿದೆ ಎನ್ನೋಣ. ಉಳಿಕೆ 30,000 ರೂ.

ಇದನ್ನು ಎರಡು ರೀತಿ ಹೇಳಬಹುದು. ಬಿಲ್ ದರದ ಮೇಲೆ ಲೆಕ್ಕ ಹಾಕಿದರೆ ಶೇ.20, ಇದು 'ಮಾರ್ಜಿನ್'. ಪೇ ದರದ ಮೇಲೆ ಲೆಕ್ಕ ಹಾಕಿದರೆ ಶೇ.25, ಇದು 'ಮಾರ್ಕಪ್'. ಹಣ ಒಂದೇ, ಶೇಕಡಾ ಬೇರೆ. ಮಾತುಕತೆಯಲ್ಲಿ ಈ ಎರಡು ಪದ ಅದಲು ಬದಲಾದರೆ ಸಾವಿರಾರು ರೂಪಾಯಿ ವ್ಯತ್ಯಾಸವಾಗುತ್ತದೆ. ಆದ್ದರಿಂದ ಶೇಕಡಾ ಬಿಟ್ಟು ರೂಪಾಯಿಯಲ್ಲೇ ಮಾತನಾಡುವುದು ಒಳ್ಳೆಯದು.

ಈಗ ಕ್ಲೈಂಟ್ ಶೇ.10 ಇಳಿಸಿ ಬಿಲ್ ದರವನ್ನು 1,35,000 ರೂ. ಮಾಡಿತು. ಕಡಿತ 15,000 ರೂ. ಅದನ್ನು ಯಾರು ಹೊರಬೇಕು? ನಾಲ್ಕು ಸಾಧ್ಯತೆಗಳಿವೆ:

• ಏಜೆನ್ಸಿ ತನ್ನ 30,000 ರೂ. ಹಾಗೇ ಇಟ್ಟುಕೊಂಡರೆ: ನಿಮಗೆ 1,05,000 ರೂ. ಪೂರ್ತಿ ಕಡಿತ ನಿಮ್ಮ ತಲೆಗೆ. ನಿಮ್ಮ ಪಾಲಿಗೆ ಅದು ಶೇ.10 ಅಲ್ಲ, ಶೇ.12.5.
• ಏಜೆನ್ಸಿ ಶೇ.20 ಮಾರ್ಜಿನ್ ಉಳಿಸಿಕೊಂಡರೆ: ನಿಮಗೆ 1,08,000 ರೂ. ನಿಮಗೆ 12,000 ರೂ. ನಷ್ಟ, ಏಜೆನ್ಸಿಗೆ 3,000 ರೂ. ನಷ್ಟ.
• ಇಬ್ಬರೂ ಅರ್ಧರ್ಧ ಹೊತ್ತರೆ: ನಿಮಗೆ 1,12,500 ರೂ. ಏಜೆನ್ಸಿಗೆ 22,500 ರೂ.
• ಏಜೆನ್ಸಿಯೇ ಪೂರ್ತಿ ಹೊತ್ತರೆ: ನಿಮಗೆ 1,20,000 ರೂ. ಏಜೆನ್ಸಿಗೆ 15,000 ರೂ., ಅಂದರೆ ಶೇ.11ರ ಮಾರ್ಜಿನ್.

'ಕ್ಲೈಂಟ್ ಶೇ.10 ಇಳಿಸಿದ್ದಾರೆ, ಆದ್ದರಿಂದ ನಿಮಗೂ ಶೇ.10' ಎಂಬ ಮಾತು ನ್ಯಾಯವಾಗಿ ಕೇಳಿಸುತ್ತದೆ. ಆದರೆ ಅದು ಎರಡನೇ ಸಾಧ್ಯತೆ. 15,000 ರೂಪಾಯಿಯಲ್ಲಿ 12,000 ನಿಮ್ಮದೇ ಜೇಬಿನಿಂದ ಹೋಗುತ್ತದೆ. ಮೂರನೆಯದನ್ನು ಕೇಳುವುದು ಅತಿಯಾಸೆಯಲ್ಲ. ಏಜೆನ್ಸಿ ಅದನ್ನು ಒಪ್ಪಿದರೂ ಅದಕ್ಕೆ ಉಳಿಯುವುದು ಕಡಿಮೆಯೇನಲ್ಲ.

ನಡುವೆ ಎಷ್ಟು ಕೈಗಳಿವೆ?

ಐಟಿ ಗುತ್ತಿಗೆಯಲ್ಲಿ ಇನ್ನೊಂದು ತೊಡಕಿದೆ. ಕ್ಲೈಂಟ್ ಒಂದು ದೊಡ್ಡ ವೆಂಡರ್‌ಗೆ ಕೆಲಸ ಕೊಡುತ್ತದೆ, ಅದು ಇನ್ನೊಂದು ಸಣ್ಣ ಏಜೆನ್ಸಿಗೆ, ಅದು ಮತ್ತೊಂದಕ್ಕೆ. ಪ್ರತಿ ಹಂತದಲ್ಲೂ ಶೇ.10 ಹೋದರೆ 1,50,000 ರೂ. ಮೊದಲು 1,35,000, ನಂತರ 1,21,500, ಮೂರನೇ ಕೈ ದಾಟಿದ ಮೇಲೆ 1,09,350 ರೂ. ಆಗುತ್ತದೆ. ನಿಮ್ಮ ಏಜೆನ್ಸಿ 'ನಮ್ಮದು ಬರೀ ಶೇ.10' ಎಂದರೆ ಅದು ನಿಜವೇ ಇರಬಹುದು. ಆದರೂ ಕ್ಲೈಂಟ್ ಕೊಟ್ಟ ಹಣದ ಕಾಲುಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಕರಗಿರುತ್ತದೆ. ಇಂಥ ಕಡೆ ಸಂಬಳ ಸ್ವಲ್ಪ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಮುಂದಿನ ನವೀಕರಣಕ್ಕೆ ಮೊದಲ ಹಂತದ ವೆಂಡರ್ ಪೇರೋಲ್‌ಗೆ ಸೇರಿಸಿ ಎಂದು ಕೇಳುವುದೇ ಹೆಚ್ಚು ಲಾಭದಾಯಕ.

ಈಚಿನ ಮಂದಗತಿ ಎಷ್ಟು ತೀವ್ರ?

2008-09ರ ಜಾಗತಿಕ ಹಿಂಜರಿತ, 2020ರ ಲಾಕ್‌ಡೌನ್ ನಂತರ ಐಟಿ ವಲಯಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು 2023-24ರಲ್ಲಿ. ಆ ಹಣಕಾಸು ವರ್ಷದಲ್ಲಿ ಟಿಸಿಎಸ್ ನೌಕರರ ಸಂಖ್ಯೆ 13,249 ಕಡಿಮೆಯಾಯಿತು, ಇನ್ಫೋಸಿಸ್‌ನಲ್ಲಿ 25,994 ಕುಸಿಯಿತು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಹುದ್ದೆ ಕಡಿತ ಘೋಷಿಸಿತು. ಕಾಯಂ ನೌಕರರಿಗೇ ಹೀಗಾದಾಗ ಮೊದಲು ಹೊರಗೆ ಹೋಗುವವರು ಗುತ್ತಿಗೆಯವರು. ಅವರನ್ನು ಬಿಡುಗಡೆ ಮಾಡಲು ಕಂಪನಿಗೆ ಒಂದು ಇಮೇಲ್ ಸಾಕು.

ಇಂಥ ಕಾಲದಲ್ಲಿ 'ಬೇರೆ ಕಡೆ ಹೋಗುತ್ತೇನೆ' ಎಂಬ ಮಾತಿಗೆ ಮೊದಲಿದ್ದ ಬಲವಿರುವುದಿಲ್ಲ. ಆದರೆ ಏಜೆನ್ಸಿಗೂ ಭಯವಿದೆ ಎಂಬುದನ್ನು ಮರೆಯಬಾರದು. ಹೊಸ ಆರ್ಡರ್‌ಗಳು ಬಾರದ ಕಾಲದಲ್ಲಿ, ಕೆಲಸ ಮಾಡುತ್ತಿರುವ ಒಬ್ಬ ನೌಕರ ಎಂದರೆ ಪ್ರತಿ ತಿಂಗಳು ಖಚಿತವಾಗಿ ಬರುವ ಬಿಲ್. ನೀವು ಬಿಟ್ಟರೆ ಆ ಜಾಗವನ್ನು ಕ್ಲೈಂಟ್ ಮತ್ತೆ ತುಂಬದೇ ಇರಬಹುದು. ಆಗ ಏಜೆನ್ಸಿಗೆ ಮಾರ್ಜಿನ್ ಕಡಿಮೆಯಾಗುವುದಲ್ಲ, ಪೂರ್ತಿ ಹೋಗುತ್ತದೆ.

ಮಧ್ಯವರ್ತಿ ಬಂದರೆ, ಹೋದರೆ: ಚೆನ್ನೈ ಮತ್ತು ಬೆಂಗಳೂರಿನ ಎರಡು ಪಾಠ

ಕೀಲ್ಪಾಕ್‌ನಿಂದ ಪೂನಮಲ್ಲಿ ಹೈರೋಡ್‌ನಲ್ಲೇ ಪೂರ್ವಕ್ಕೆ ಹೋದರೆ ಚೆನ್ನೈ ಮಹಾನಗರ ಪಾಲಿಕೆಯ ರಿಪ್ಪನ್ ಬಿಲ್ಡಿಂಗ್ ಸಿಗುತ್ತದೆ. 2025ರ ಆಗಸ್ಟ್ 1ರಿಂದ ಅದರ ಮುಂದೆ ಸ್ವಚ್ಛತಾ ಕಾರ್ಮಿಕರು ಧರಣಿ ಕುಳಿತರು. ರಾಯಪುರಂ ಮತ್ತು ತಿರು.ವಿ.ಕ. ನಗರ ವಲಯಗಳ ಕಸ ನಿರ್ವಹಣೆಯನ್ನು ಖಾಸಗಿ ಕಂಪನಿಗೆ ವಹಿಸಿದ್ದೇ ಕಾರಣ. ಪಾಲಿಕೆಯಡಿ ತಿಂಗಳಿಗೆ ಸುಮಾರು 23 ಸಾವಿರ ರೂ. ಸಿಗುತ್ತಿತ್ತು, ಗುತ್ತಿಗೆ ಕಂಪನಿಗೆ ಹೋದರೆ 16-17 ಸಾವಿರಕ್ಕೆ ಇಳಿಯುತ್ತದೆ ಎಂಬುದು ಅವರ ದೂರಾಗಿತ್ತು. ಮದ್ರಾಸ್ ಹೈಕೋರ್ಟ್ ಆದೇಶದ ಬೆನ್ನಲ್ಲೇ ಆಗಸ್ಟ್ 13ರ ಮಧ್ಯರಾತ್ರಿ ಪೊಲೀಸರು ಅವರನ್ನು ಅಲ್ಲಿಂದ ತೆರವುಗೊಳಿಸಿದರು. ಅದೇ ಬೀದಿ, ಅದೇ ಪೊರಕೆ. ಬದಲಾಗಿದ್ದು ಸಂಬಳ ಕೊಡುವ ಕೈ ಮಾತ್ರ.

ಬೆಂಗಳೂರಿನಲ್ಲಿ ಆಗಿದ್ದು ಇದಕ್ಕೆ ತದ್ವಿರುದ್ಧ. ಪೌರಕಾರ್ಮಿಕರ ದೀರ್ಘ ಹೋರಾಟದ ನಂತರ 2017-18ರ ಹೊತ್ತಿಗೆ ಬಿಬಿಎಂಪಿ ಗುತ್ತಿಗೆದಾರರನ್ನು ಪಕ್ಕಕ್ಕಿಟ್ಟು ಗುಡಿಸುವ ಕಾರ್ಮಿಕರ ಬ್ಯಾಂಕ್ ಖಾತೆಗೇ ನೇರ ವೇತನ ಪಾವತಿ ಶುರುಮಾಡಿತು. ಮುಂದೆ 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಬೀದರ್ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಸರ್ಕಾರಿ ಕಚೇರಿಗಳ ಹೊರಗುತ್ತಿಗೆ ನೌಕರರನ್ನು ಖಾಸಗಿ ಏಜೆನ್ಸಿ ಬದಲು ಕಾರ್ಮಿಕರ ಸಹಕಾರ ಸಂಘದ ಮೂಲಕವೇ ಒದಗಿಸುವ ವ್ಯವಸ್ಥೆ ಅದು. ಇದನ್ನು ಉಳಿದ ಜಿಲ್ಲೆಗಳಿಗೂ ತರುವ ಪ್ರಸ್ತಾಪವನ್ನು ರಾಜ್ಯ ಕಾರ್ಮಿಕ ಇಲಾಖೆ ಮುಂದಿಟ್ಟಿದೆ.

ಒಬ್ಬೊಬ್ಬರೇ ಮಾತನಾಡಿದರೆ ನಡೆಯದ ಕೆಲಸ ಒಟ್ಟಾಗಿ ಕೇಳಿದರೆ ನಡೆಯಬಹುದು ಎಂಬುದಕ್ಕೆ ಬೆಂಗಳೂರಿನ ಪೌರಕಾರ್ಮಿಕರೇ ಸಾಕ್ಷಿ. ಕಡಿಮೆ ವೇತನದ ಕೆಲಸಗಳಲ್ಲಂತೂ ಇದು ಹೆಚ್ಚು ಸತ್ಯ.

ಕಾನೂನು ಏನು ಹೇಳುತ್ತದೆ?

ಗುತ್ತಿಗೆ ಕಾರ್ಮಿಕರಿಗೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ದಶಕಗಳ ಕಾಲ ಆಧಾರವಾಗಿತ್ತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ನೌಕರರಿಗೆ ಮುಖ್ಯವಾದ ಅಂಶಗಳು ಇವು:

• ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಿಗಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಬಾಕಿ ವೇತನವನ್ನು 2 ಕೆಲಸದ ದಿನಗಳಲ್ಲಿ ಕೊಡಬೇಕು.
• ಏಜೆನ್ಸಿ ವೇತನ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿ, ಅಂದರೆ ಪ್ರಧಾನ ಮಾಲೀಕ, ಅದನ್ನು ಕೊಟ್ಟು ನಂತರ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲೂ ಈ ಹೊಣೆ ಇತ್ತು.
• ಗುತ್ತಿಗೆ ಕಾರ್ಮಿಕರ ನಿಯಮಗಳು ಹಿಂದೆ 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದ ಕಡೆ ಅನ್ವಯವಾಗುತ್ತಿದ್ದವು. ಹೊಸ ಸಂಹಿತೆಯಲ್ಲಿ ಈ ಮಿತಿ 50. ಆದರೆ ಕನಿಷ್ಠ ವೇತನದ ಹಕ್ಕಿಗೆ ಇಂಥ ಮಿತಿ ಇಲ್ಲ.
• 'ಕಾರ್ಮಿಕ' ಎಂಬ ವ್ಯಾಖ್ಯೆಗೆ ಬರುವವರ ವೇತನದಲ್ಲಿ ಪ್ರತಿಕೂಲ ಬದಲಾವಣೆ ಮಾಡಲು 21 ದಿನ ಮುಂಚೆ ನೋಟಿಸ್ ಬೇಕು. ವ್ಯವಸ್ಥಾಪಕ ಹುದ್ದೆಯವರಿಗೆ ಇದು ಅನ್ವಯಿಸದು.
• ನಿಶ್ಚಿತ ಅವಧಿಯ ನೌಕರರಿಗೆ ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿ ಹಕ್ಕು ಬರುತ್ತದೆ.

ಏಜೆನ್ಸಿ ಕಚೇರಿ ಬೆಂಗಳೂರಿನಲ್ಲಿದ್ದು ನೀವು ಕೀಲ್ಪಾಕ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಯಾವ ರಾಜ್ಯದ ಕನಿಷ್ಠ ವೇತನ? ಕೆಲಸ ನಡೆಯುವ ಜಾಗವೇ ಮುಖ್ಯ. ಹಾಗಾಗಿ ತಮಿಳುನಾಡಿನ ದರವೇ ಅನ್ವಯ. ವೃತ್ತಿ ತೆರಿಗೆಯೂ ಅಲ್ಲಿನದೇ. ಕರ್ನಾಟಕದಲ್ಲಿ ಅದು ತಿಂಗಳಿಗೊಮ್ಮೆ ಕಡಿತವಾದರೆ, ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ವಸೂಲಿ ಮಾಡುತ್ತವೆ.

ಬಿಲ್ ದರವನ್ನು ನೌಕರರಿಗೆ ತಿಳಿಸಲೇಬೇಕು ಎಂಬ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಏಜೆನ್ಸಿಗಳು ಕೆಲಸಕ್ಕೆ ಸೇರುವ ಮೊದಲೇ 'ಮುಖ್ಯ ಮಾಹಿತಿ ಪತ್ರ' ಕೊಡಬೇಕು. ಸಂಬಳ ಎಷ್ಟು, ಯಾವ ಕಡಿತ, ಕೈಗೆ ಎಷ್ಟು ಎಂಬ ಉದಾಹರಣೆ ಅದರಲ್ಲಿರುತ್ತದೆ. ಅಲ್ಲಿ 12 ವಾರ ಒಂದೇ ಕೆಲಸದಲ್ಲಿದ್ದ ಏಜೆನ್ಸಿ ನೌಕರರಿಗೆ ನೇರ ನೌಕರರಷ್ಟೇ ಮೂಲ ವೇತನದ ಹಕ್ಕೂ ಇದೆ. ಭಾರತದಲ್ಲಿ ಸರ್ಕಾರಿ ಸಂಸ್ಥೆಗಳ ಮಟ್ಟಿಗೆ ಒಂದು ದಾರಿಯಿದೆ. ಸರ್ಕಾರಿ ಆಸ್ಪತ್ರೆ, ಕಚೇರಿಯಲ್ಲಿ ಏಜೆನ್ಸಿ ಮೂಲಕ ಕೆಲಸ ಮಾಡುವವರು ಟೆಂಡರ್ ದರ ಮತ್ತು ಸೇವಾ ಶುಲ್ಕದ ವಿವರವನ್ನು ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಬಹುದು.

ದರ ಕಡಿತದ ಕರೆ ಬಂದಾಗ ಏನು ಮಾಡಬೇಕು?

1. ಫೋನಿನಲ್ಲೇ ಒಪ್ಪಬೇಡಿ. 'ವಿವರವನ್ನು ಇಮೇಲ್ ಮಾಡಿ, ಎರಡು ದಿನದಲ್ಲಿ ಹೇಳುತ್ತೇನೆ' ಎನ್ನಿ. ಎಷ್ಟು ಕಡಿತ, ಯಾವತ್ತಿನಿಂದ, ಎಷ್ಟು ದಿನದವರೆಗೆ ಎಂಬುದು ಬರಹದಲ್ಲಿರಲಿ.

2. ರೂಪಾಯಿಯಲ್ಲಿ ಕೇಳಿ. 'ಕ್ಲೈಂಟ್ ಎಷ್ಟು ರೂಪಾಯಿ ಇಳಿಸಿದ್ದಾರೆ? ಅದರಲ್ಲಿ ನಿಮ್ಮ ಪಾಲು ಎಷ್ಟು, ನನ್ನ ಪಾಲು ಎಷ್ಟು?' ಬಿಲ್ ದರ ಹೇಳಲು ಒಪ್ಪದಿದ್ದರೂ ಈ ಪ್ರಶ್ನೆಗೆ ಉತ್ತರಿಸುವುದು ಅವರಿಗೆ ಕಷ್ಟವಲ್ಲ.

3. ಹಿಂದಿನ ತಿಂಗಳಿಗೆ ಒಪ್ಪಬೇಡಿ. ಈಗಾಗಲೇ ಮಾಡಿದ ಕೆಲಸಕ್ಕೆ ಹಳೆಯ ದರವೇ ಸಲ್ಲಬೇಕು.

4. ಕಡಿತಕ್ಕೆ ಕೊನೆಯ ದಿನ ಇರಲಿ. 'ಮೂರು ತಿಂಗಳಿಗೆ ಒಪ್ಪುತ್ತೇನೆ, ನಂತರ ಹಳೆಯ ದರಕ್ಕೆ ಮರಳಬೇಕು' ಎಂಬ ಸಾಲು ಒಪ್ಪಂದದಲ್ಲಿರಲಿ. ಇಲ್ಲದಿದ್ದರೆ ತಾತ್ಕಾಲಿಕ ಎಂದದ್ದು ಕಾಯಂ ಆಗುತ್ತದೆ, ಮುಂದಿನ ಕೆಲಸದ ಸಂಬಳಕ್ಕೂ ಅದೇ ಆಧಾರವಾಗುತ್ತದೆ.

5. ಹಣ ಬಿಟ್ಟರೆ ಬೇರೆ ಏನಾದರೂ ಪಡೆಯಿರಿ. ಗುತ್ತಿಗೆ ಅವಧಿ ವಿಸ್ತರಣೆ, 15 ದಿನದ ಬದಲು 30 ದಿನದ ನೋಟಿಸ್, ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ, ಆರೋಗ್ಯ ವಿಮೆ, ಸಂಬಳ ಸಹಿತ ರಜೆ. ಮಂದಗತಿಯಲ್ಲಿ ಆರು ತಿಂಗಳ ಖಚಿತ ಕೆಲಸಕ್ಕೆ ಶೇ.5ರ ದರಕ್ಕಿಂತ ಹೆಚ್ಚಿನ ಬೆಲೆಯಿದೆ.

6. ಸಂಬಳ ಇಳಿದರೆ ಕೆಲಸವೂ ಇಳಿಯಲಿ. ಶೇ.10 ಕಡಿತಕ್ಕೆ ಬದಲಾಗಿ ತಿಂಗಳಿಗೆ ಎರಡು ದಿನ ಕಡಿಮೆ ಕೆಲಸ ಎಂಬ ಪ್ರಸ್ತಾಪವನ್ನು ಎಷ್ಟೋ ಕ್ಲೈಂಟ್‌ಗಳು ಒಪ್ಪಬಹುದು. ಇದರಿಂದ ನಿಮ್ಮ ದಿನದ ದರ ಉಳಿಯುತ್ತದೆ.

7. 'ಕನ್ಸಲ್ಟೆಂಟ್ ಆಗಿ' ಎಂಬ ಆಮಿಷಕ್ಕೆ ಲೆಕ್ಕ ಹಾಕಿ. ಪೇರೋಲ್‌ನಿಂದ ತೆಗೆದು ಇನ್‌ವಾಯ್ಸ್ ಮೇಲೆ ಹಣ ಕೊಡುತ್ತೇವೆ, ಕೈಗೆ ಹೆಚ್ಚು ಸಿಗುತ್ತದೆ ಎನ್ನಬಹುದು. ಆಗ ಮಾಲೀಕರ ಪಾಲಿನ ಪಿಎಫ್, ಗ್ರಾಚ್ಯುಟಿ, ರಜೆ, ವಿಮೆ ಎಲ್ಲ ಹೋಗುತ್ತದೆ. ವೃತ್ತಿಪರ ಶುಲ್ಕದ ಮೇಲೆ ಶೇ.10 ಟಿಡಿಎಸ್ ಕಡಿತವಾಗುತ್ತದೆ, ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇವೆಲ್ಲ ಸೇರಿಸಿ ಹೋಲಿಸಿದ ಮೇಲೆ ತೀರ್ಮಾನಿಸಿ.

8. ಕ್ಲೈಂಟ್ ಮ್ಯಾನೇಜರ್ ಬಳಿ ಏಜೆನ್ಸಿಯ ಬಗ್ಗೆ ಜಗಳ ಬೇಡ. ಕೆಲಸದ ಗುಣಮಟ್ಟ ಅವರಿಗೆ ಗೊತ್ತಿರಲಿ. 'ಈ ವ್ಯಕ್ತಿ ನಮಗೆ ಬೇಕು' ಎಂಬ ಅವರ ಒಂದು ಮಾತು ನಿಮ್ಮ ಹತ್ತು ಇಮೇಲ್‌ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು?

ಮನೆ ಸಾಲದ ಕಂತು, ಮಕ್ಕಳ ಫೀಸ್ ಇರುವವರು ಕೆಲಸ ಕಳೆದುಕೊಳ್ಳುವ ಬದಲು ಸ್ವಲ್ಪ ಕಡಿತ ಒಪ್ಪುವುದರಲ್ಲಿ ತಪ್ಪಿಲ್ಲ. ಮೂರು ತಿಂಗಳು ಕೆಲಸವಿಲ್ಲದೆ ಕುಳಿತರೆ ವರ್ಷದ ಆದಾಯದ ಕಾಲುಭಾಗ ಹೋಗುತ್ತದೆ. ಶೇ.10 ಕಡಿತ ಒಪ್ಪಿದರೆ ಹೋಗುವುದು ಹತ್ತನೇ ಒಂದು ಭಾಗ. ಆದರೆ ಕನಿಷ್ಠ ವೇತನಕ್ಕಿಂತ ಕಡಿಮೆ ಸಂಬಳ, ಪಿಎಫ್ ಕಟ್ಟದಿರುವುದು, ಕೆಲಸ ಮಾಡಿದ ದಿನಗಳ ಬಾಕಿ ಇವುಗಳಲ್ಲಿ ರಾಜಿ ಎಂಬುದೇ ಇಲ್ಲ. ಇವು ಮಾತುಕತೆಯ ವಿಷಯಗಳಲ್ಲ, ಹಕ್ಕುಗಳು.

ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಕ್ಲೈಂಟ್ ಬಿಲ್ ಪಾವತಿಸಿಲ್ಲ ಎಂದು ಏಜೆನ್ಸಿ ಸಂಬಳ ತಡಮಾಡಬಹುದೇ?
ಇಲ್ಲ. ಪೇರೋಲ್ ನೌಕರರಿಗೆ ನಿಗದಿತ ದಿನಕ್ಕೆ ವೇತನ ಕೊಡುವುದು ಏಜೆನ್ಸಿಯ ಹೊಣೆ. ಕ್ಲೈಂಟ್ ಸಾಲ ಇಟ್ಟುಕೊಂಡಿರುವುದು ಅವರಿಬ್ಬರ ನಡುವಿನ ವ್ಯವಹಾರ.

ಕೆಲಸ ಕೊಡಿಸಲು ಏಜೆನ್ಸಿ ನನ್ನಿಂದ ಹಣ ಕೇಳಿದರೆ?
ಸ್ಟಾಫಿಂಗ್ ಏಜೆನ್ಸಿಗಳಿಗೆ ಶುಲ್ಕ ಕೊಡುವುದು ಕಂಪನಿ. ಅಭ್ಯರ್ಥಿಯಿಂದ 'ರಿಜಿಸ್ಟ್ರೇಷನ್', 'ಟ್ರೈನಿಂಗ್', 'ಲ್ಯಾಪ್‌ಟಾಪ್ ಡೆಪಾಸಿಟ್' ಎಂದು ಕೇಳಿದರೆ ಅನುಮಾನಿಸಿ. ಕೆಲಸ ಸಿಗದ ಕಾಲದಲ್ಲಿ ಇಂಥ ವಂಚನೆ ಹೆಚ್ಚು. ವಿದೇಶಿ ಉದ್ಯೋಗಕ್ಕೆ ಮಾತ್ರ ನೋಂದಾಯಿತ ಏಜೆಂಟರು 30,000 ರೂ. ಮತ್ತು ಜಿಎಸ್‌ಟಿವರೆಗೆ ಸೇವಾ ಶುಲ್ಕ ಪಡೆಯಬಹುದು. ಏಜೆಂಟರ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಪರಿಶೀಲಿಸಿ.

ಪಿಎಫ್ ಕಟ್ಟಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?
ನಿಮ್ಮ ಯುಎಎನ್ ಸಂಖ್ಯೆ ಬಳಸಿ ಇಪಿಎಫ್‌ಒ ಪಾಸ್‌ಬುಕ್ ಅಥವಾ ಉಮಂಗ್ ಆ್ಯಪ್‌ನಲ್ಲಿ ಪ್ರತಿ ತಿಂಗಳೂ ನೋಡಿ. ಪೇಸ್ಲಿಪ್‌ನಲ್ಲಿ ಕಡಿತ ತೋರಿಸಿ ಪಾಸ್‌ಬುಕ್‌ನಲ್ಲಿ ಜಮೆ ಇಲ್ಲದಿದ್ದರೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ದೂರು ಕೊಡಿ.

ಕ್ಲೈಂಟ್ ಕಂಪನಿಗೇ ನೇರವಾಗಿ ಸೇರಬಹುದೇ?
ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದೆಂಬ ಷರತ್ತಿಗೆ 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲ. ಆದರೆ ಏಜೆನ್ಸಿ ಮತ್ತು ಕ್ಲೈಂಟ್ ನಡುವಿನ ಒಪ್ಪಂದದಲ್ಲಿ ನೌಕರರನ್ನು ನೇರ ತೆಗೆದುಕೊಂಡರೆ ಶುಲ್ಕ ಕೊಡಬೇಕೆಂಬ ಷರತ್ತು ಇರಬಹುದು. ಅದನ್ನು ಕಟ್ಟಬೇಕಾದ್ದು ಕ್ಲೈಂಟ್, ನೀವಲ್ಲ. ನೋಟಿಸ್ ಅವಧಿಯನ್ನು ಮಾತ್ರ ಸರಿಯಾಗಿ ಪೂರೈಸಿ.

ವೇತನ ಬಾಕಿಗೆ ಎಲ್ಲಿ ದೂರು ಕೊಡಬೇಕು?
ಕೆಲಸದ ಜಾಗ ಇರುವ ರಾಜ್ಯದ ಕಾರ್ಮಿಕ ಇಲಾಖೆಗೆ. ಏಜೆನ್ಸಿ ಜೊತೆಗೆ ಪ್ರಧಾನ ಮಾಲೀಕ ಕಂಪನಿಯ ಹೆಸರನ್ನೂ ದೂರಿನಲ್ಲಿ ಸೇರಿಸಿ. ನೇಮಕಾತಿ ಪತ್ರ, ಪೇಸ್ಲಿಪ್, ಹಾಜರಾತಿ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿಗಳನ್ನು ಇಟ್ಟುಕೊಂಡಿರಿ.